ಸೈಕಲ್ಲಿನ ಮೇಲೆ ದೇಶಾಟನೆ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬುದು ನಮ್ಮಲ್ಲಿ ಬಹು ಹಳೆಯ ಮಾತು. ಯಾವುದನ್ನು ಏರಿ ದೇಶ ಸುತ್ತಬೇಕೆಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಕಾಲ್ನಡಿಗೆಯಲ್ಲಿ ಕಾಶಿಗೆ ಹೋಗಿ ಬಂದವರ ಕಥೆಗಳನ್ನು ನಮ್ಮ ಹಿರಿಯರು ಹೇಳುತ್ತಿದ್ದರು. ಆಮೇಲೆ ರೈಲು ಬಂತು, ಹಡಗು ಬಂತು, ವಿಮಾನ ಬಂತು. ಒಂದೊಂದೂ ನಮ್ಮ ಪ್ರವಾಸ ಸಾಹಿತ್ಯಕ್ಕೆ ತನ್ನ ಪಾಲನ್ನು ಸಲ್ಲಿಸಿತು. ಆದರೆ ಸೈಕಲ್ಲನ್ನು ದೂರದ ವಾಹನವೆಂದು ನಾವು ಬಗೆದದ್ದು ಕಡಿಮೆ. ಅದು ಅಂಚೆಯವನ ವಾಹನ, ಹಾಲಿನವನ ವಾಹನ, ಹಳ್ಳಿಯ ಶಾಲೆಯ ಮೇಷ್ಟರ ವಾಹನ. ಅದರ ವ್ಯಾಪ್ತಿ ಹತ್ತು ಹದಿನೈದು ಮೈಲಿ. ಸಂಜೆಗೆ ಅದು ಮನೆಯ ಜಗಲಿಗೆ ಒರಗಿರಬೇಕು. ಇಂಥ ಸಾಧು ವಾಹನವನ್ನೇರಿ ಖಂಡಖಂಡಾಂತರಗಳನ್ನು ದಾಟಿದವರ ಇತಿಹಾಸ ಒಂದೂಕಾಲು ಶತಮಾನಕ್ಕೂ ಹಿಂದಿನದು. ಅದರ ಏರಿಳಿತಗಳನ್ನು ಕುರಿತು ನಾಲ್ಕು ಮಾತು ಹೇಳುವುದು ಈ ಭಾಷಣದ ಉದ್ದೇಶ.

ಏರಿಳಿತ ಎಂಬುದನ್ನು ಮೊದಲು ಅದರ ನೇರವಾದ ಅರ್ಥದಲ್ಲಿಯೇ ತೆಗೆದುಕೊಳ್ಳೋಣ. ಹನ್ನೆರಡು ಮೈಲಿಯ ಒಂದು ಘಟ್ಟವನ್ನು ಗಂಟೆಗೆ ನಾಲ್ಕು ಮೈಲಿಯಂತೆ ಏರಿ, ಆಚೆಯ ಹನ್ನೆರಡು ಮೈಲಿಯನ್ನು ಗಂಟೆಗೆ ಹನ್ನೆರಡರಂತೆ ಇಳಿದವನ ಸರಾಸರಿ ವೇಗವೆಷ್ಟು? ಎಂಟು ಎಂದು ನಾಲಗೆಯ ತುದಿಗೆ ಬರುತ್ತದೆ. ಆದರೆ ಏರುವುದಕ್ಕೆ ಮೂರು ಗಂಟೆ, ಇಳಿಯುವುದಕ್ಕೆ ಒಂದು ಗಂಟೆ. ಒಟ್ಟು ನಾಲ್ಕು ಗಂಟೆಯಲ್ಲಿ ಇಪ್ಪತ್ತನಾಲ್ಕು ಮೈಲಿ. ಸರಾಸರಿ ಆರೇ. ಏರಿನಲ್ಲಿ ಕಳೆದುಕೊಂಡದ್ದನ್ನು ಇಳಿಜಾರು ಎಂದೂ ಪೂರ್ತಿಯಾಗಿ ಹಿಂದಿರುಗಿಸುವುದಿಲ್ಲ. ಕಷ್ಟದ ಜೊತೆಗೆ ಕಳೆಯುವ ಕಾಲ ಹೆಚ್ಚು, ಸುಖದ ಜೊತೆಗೆ ಕಳೆಯುವ ಕಾಲ ಕಡಿಮೆ. ದೂರಯಾನ ಮಾಡಿದ ಪ್ರತಿಯೊಬ್ಬನೂ ಈ ಲೆಕ್ಕವನ್ನು ತನ್ನ ಮೊಳಕಾಲಿನಲ್ಲಿ ಕಲಿತಿದ್ದಾನೆ.

ಇವರಲ್ಲಿ ಮೊದಲಿಗನಾಗಿ ನೆನೆಯಬೇಕಾದವನು ಥಾಮಸ್ ಸ್ಟೀವನ್ಸ್. ಇಂಗ್ಲೆಂಡಿನಲ್ಲಿ 1854ರಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದವನು. 1884ರ ಏಪ್ರಿಲ್ 22ರಂದು ಸಾನ್ ಫ್ರಾನ್ಸಿಸ್ಕೋದಿಂದ ಪೂರ್ವಕ್ಕೆ ಹೊರಟ. ಅವನು ಏರಿದ್ದು ನಾವು ಕಂಡ ಬಗೆಯ ಸೈಕಲ್ಲಲ್ಲ. ಮುಂದೆ 50 ಅಂಗುಲದ ದೊಡ್ಡ ಗಾಲಿ, ಹಿಂದೆ ಗೇಣುದ್ದದ ಪುಟ್ಟ ಗಾಲಿ. ಪೆನ್ನಿ, ಫಾರ್ದಿಂಗ್ ಎಂಬ ಎರಡು ನಾಣ್ಯಗಳನ್ನು ಒಂದರ ಹಿಂದೊಂದು ನಿಲ್ಲಿಸಿದಂತಿದ್ದುದರಿಂದ ಅದಕ್ಕೆ ಆ ನಾಣ್ಯಗಳ ಹೆಸರೇ ಬಿತ್ತು. ಸರಪಳಿಯಿಲ್ಲ, ಪೆಡಲುಗಳು ಮುಂದಿನ ಗಾಲಿಗೇ ಜೋಡಣೆಯಾಗಿದ್ದವು. ಒಂದು ಸುತ್ತು ತುಳಿದರೆ ಸುಮಾರು ಹದಿಮೂರು ಅಡಿ ಮುಂದಕ್ಕೆ. ಏರು ಬಂದರೆ ಇಳಿದು ತಳ್ಳಬೇಕು. ಇಳಿಜಾರಿನ ಪಾಡು ಇನ್ನೂ ಕಷ್ಟ: ಸವಾರ ಕುಳಿತಿರುವುದೇ ಆಳೆತ್ತರದಲ್ಲಿ, ಗಾಲಿಗೆ ಸಣ್ಣ ಕಲ್ಲು ಎಡತಾಕಿದರೆ ಹ್ಯಾಂಡಲಿನ ಮೇಲಿಂದ ತಲೆಕೆಳಗಾಗಿ ಬೀಳುತ್ತಾನೆ. ಏರಿನಲ್ಲಿ ಆಯಾಸ, ಇಳಿಜಾರಿನಲ್ಲಿ ಭಯ. ಸಮತಟ್ಟಿನಲ್ಲಿ ಮಾತ್ರ ಸವಾರಿ.

ಇಂಥ ಯಂತ್ರದ ಮೇಲೆ, ಕೆಲವು ಬಟ್ಟೆ, ಒಂದು ಮಳೆಯಂಗಿ, ಒಂದು ಪಿಸ್ತೂಲು ಇಷ್ಟನ್ನೇ ಇಟ್ಟುಕೊಂಡು ಸ್ಟೀವನ್ಸ್ ಅಮೆರಿಕವನ್ನು ದಾಟಿದ. ಆ ವರ್ಷದ ಆಗಸ್ಟಿನಲ್ಲಿ ಬಾಸ್ಟನ್ ಸೇರಿದ. ಮರುವರ್ಷ ಲಿವರ್‌ಪೂಲಿನಿಂದ ಯುರೋಪು, ತುರ್ಕಿಗಳನ್ನು ಹಾಯ್ದು ಪರ್ಷಿಯದ ಟೆಹರಾನಿಗೆ ಬಂದು ಚಳಿಗಾಲ ಕಳೆದ. 1886ರಲ್ಲಿ ಆಫ್ಘಾನಿಸ್ತಾನದ ಮೂಲಕ ಇಂಡಿಯಾಕ್ಕೆ ಬರುವ ಯತ್ನ ಫಲಿಸಲಿಲ್ಲ. ಅಲ್ಲಿನ ಅಧಿಕಾರಿಗಳು ಹಿಡಿದು ಗಡಿಯಾಚೆಗೆ ಸಾಗಿಸಿದರು. ನೂರಾರು ಮೈಲಿ ತುಳಿದು ಸಂಪಾದಿಸಿದ್ದ ದಾರಿಯನ್ನು ಬಿಟ್ಟುಕೊಟ್ಟು, ರೈಲು ಹಡಗುಗಳಲ್ಲಿ ಸುತ್ತುಬಳಸಿ ಕರಾಚಿಗೆ ಬಂದ. ಲಾಹೋರಿನಿಂದ ಕಲ್ಕತ್ತೆಯವರೆಗಿನ ಹೆದ್ದಾರಿ ಅವನಿಗೆ ದೊರೆತ ಒಳ್ಳೆಯ ದಾರಿಗಳಲ್ಲಿ ಒಂದು. ಚೀನದಲ್ಲಿ ಕಥೆ ಬೇರೆಯಾಯಿತು. ಫ್ರೆಂಚರೊಡನೆ ಚೀನೀಯರ ಯುದ್ಧ ಮುಗಿದು ವರ್ಷವೊಂದು ಕಳೆದಿತ್ತಷ್ಟೆ. ಬಿಳಿಯನನ್ನು ಕಂಡ ಜನ ಕಲ್ಲೆಸೆದರು. ಆತನನ್ನು ಒಳಕ್ಕೆ ಕರೆದು ಪ್ರಾಣ ಉಳಿಸಿದವರೂ ಚೀನೀ ಅಧಿಕಾರಿಗಳೇ. 1886ರ ಡಿಸೆಂಬರ್ 17ರಂದು ಜಪಾನಿನ ಯೋಕೊಹಾಮದಲ್ಲಿ ಅವನ ಯಾನ ಮುಗಿಯಿತು. ಗಾಲಿಯ ಮೇಲೆ ಕ್ರಮಿಸಿದ ದೂರ ಸುಮಾರು 13,500 ಮೈಲಿ.

ಸ್ಟೀವನ್ಸ್ ದಾರಿಯಲ್ಲಿದ್ದಾಗಲೇ ಸೈಕಲ್ಲಿನ ರೂಪ ಬದಲಾಗುತ್ತಿತ್ತು. 1885ರಲ್ಲಿ ಇಂಗ್ಲೆಂಡಿನ ಸ್ಟಾರ್ಲಿ ಎರಡು ಗಾಲಿಗಳನ್ನೂ ಹೆಚ್ಚುಕಡಮೆ ಸಮ ಮಾಡಿ, ಹಿಂದಿನ ಗಾಲಿಗೆ ಸರಪಳಿ ಹಾಕಿದ ಯಂತ್ರವನ್ನು ಹೊರತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರನ್ನು ರೂಪಿಸಿದ. ಗಟ್ಟಿ ರಬ್ಬರಿನ ಟೈರು ಎಲುಬು ಅಲುಗಿಸುತ್ತಿತ್ತು, ಆದರೆ ಮುಳ್ಳಿಗೆ ಹೆದರುತ್ತಿರಲಿಲ್ಲ. ಗಾಳಿಯ ಟೈರು ಮೈಗೆ ಸುಖ ಕೊಟ್ಟಿತು, ಪಂಕ್ಚರನ್ನೂ ಜೊತೆಗೇ ತಂದಿತು.

ಈ ಹೊಸ ಬಗೆಯ ಸೈಕಲ್ಲೇರಿ 1892ರಲ್ಲಿ ಪಿಟ್ಸ್‌ಬರ್ಗಿನಿಂದ ಹೊರಟವನು ಫ್ರಾಂಕ್ ಲೆಂಜ್. ಲೆಕ್ಕಪತ್ರ ಬರೆಯುವ ಗುಮಾಸ್ತೆ, ಕ್ಯಾಮೆರಾದ ಹುಚ್ಚಿನವನು. ಅವನು ಪಶ್ಚಿಮಾಭಿಮುಖವಾಗಿ ಅಮೆರಿಕ, ಜಪಾನ್, ಚೀನ, ಬರ್ಮಾ, ಇಂಡಿಯಾ, ಪರ್ಷಿಯಗಳನ್ನು ದಾಟಿದ. ಎರಡು ವರ್ಷ ಪತ್ರಿಕೆಗೆ ಕ್ರಮವಾಗಿ ಬರಹಗಳನ್ನು ಕಳುಹಿಸಿದ. 1894ರ ಮೇ ತಿಂಗಳಲ್ಲಿ ತಬ್ರೀಜಿನಿಂದ ತುರ್ಕಿಯ ಎರ್ಜುರೂಮಿನ ಕಡೆಗೆ ಹೊರಟವನು ಆ ಊರನ್ನು ತಲುಪಲೇ ಇಲ್ಲ. ಪತ್ರಗಳು ನಿಂತುಹೋದವು. ಏಷ್ಯಾವನ್ನು ಸೈಕಲ್ಲಿನಲ್ಲಿ ದಾಟಿದ್ದ ವಿಲಿಯಂ ಸಾಕ್ಟ್‌ಲೆಬೆನ್ ಎಂಬವನನ್ನು 1895ರಲ್ಲಿ ಅವನನ್ನು ಹುಡುಕಲು ಕಳುಹಿಸಿದರು. ಅವನು ಅಲ್ಲಿಗೆ ಹೋದಾಗ ಆ ಸೀಮೆಯಲ್ಲಿ ಅರ್ಮೇನಿಯನ್ನರ ಕಗ್ಗೊಲೆ ನಡೆಯುತ್ತಿತ್ತು. ದಾರಿಯಲ್ಲಿ ಕೊಲೆಯಾಯಿತೆಂಬ ತೀರ್ಮಾನಕ್ಕೆ ಅವನು ಬಂದ. ಲೆಂಜನ ದೇಹ ಮಾತ್ರ ಸಿಕ್ಕಲಿಲ್ಲ. ಸ್ಟೀವನ್ಸ್ ಎರಡು ಸಂಪುಟಗಳ ಗ್ರಂಥವಾದ. ಲೆಂಜ್ ಅದೇ ಧೈರ್ಯವುಳ್ಳವನಾಗಿದ್ದರೂ ಬಹುಕಾಲ ಮರೆವಿಗೆ ಸಂದ.

ಅದೇ 1894ರ ಜೂನಿನಲ್ಲಿ ಬಾಸ್ಟನ್ನಿನಿಂದ ಒಬ್ಬ ಹೆಂಗಸು ಹೊರಟಳು: ಆನಿ ಕೊಪ್ಚೊವ್‌ಸ್ಕಿ, ಮೂರು ಮಕ್ಕಳ ತಾಯಿ. ಲಂಡನ್‌ಡೆರಿ ಎಂಬ ಊಟೆನೀರಿನ ಕಂಪನಿಯಿಂದ ನೂರು ಡಾಲರು ಪಡೆದು ಆ ಹೆಸರನ್ನೇ ತನ್ನದಾಗಿ ಮಾಡಿಕೊಂಡಳು. ಚಿಕಾಗೋ ತಲುಪಿದ ಮೇಲೆ 42 ಪೌಂಡಿನ ಹೆಂಗಸರ ಸೈಕಲ್ಲನ್ನು ಬಿಟ್ಟು 21 ಪೌಂಡಿನ ಗಂಡಸರ ಸೈಕಲ್ಲನ್ನು ಹಿಡಿದಳು, ಉದ್ದಲಂಗವನ್ನೂ ಬಿಟ್ಟಳು. ಸಮುದ್ರದ ದಾರಿಯನ್ನೆಲ್ಲ ಹಡಗಿನಲ್ಲೇ ಕಳೆದು, ಇಂಡಿಯಾದಲ್ಲಿ ಹುಲಿ ಹೊಡೆದೆನೆಂದು ಸಭೆಗಳಲ್ಲಿ ಬಣ್ಣಿಸಿದಳು. ಹುಲಿಯ ಕಥೆಯನ್ನು ಬದಿಗಿಟ್ಟರೂ, ಹೆಣ್ಣು ಒಬ್ಬಳೇ ದೂರ ಹೋಗಬಲ್ಲಳೆಂಬುದನ್ನು ಹದಿನೈದು ತಿಂಗಳಲ್ಲಿ ತೋರಿಸಿಕೊಟ್ಟದ್ದು ಸುಳ್ಳಲ್ಲ.

ಇನ್ನು ನಮ್ಮವರ ಕಡೆಗೆ ಬರೋಣ. 1923ರ ಅಕ್ಟೋಬರ್ 15ರಂದು ಬೊಂಬಾಯಿಯಿಂದ ಆರು ಮಂದಿ ಪಾರ್ಸಿ ತರುಣರು ಸೈಕಲ್ಲೇರಿದರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಂ ಭುಮಗಾರಾ, ಗುಸ್ತಾದ್ ಹಾಥಿರಾಂ, ಕೇಕಿ ಪೋಚ್‌ಖಾನಾವಾಲಾ, ನಾರಿಮನ್ ಕಪಾಡಿಯಾ. ಭಾರ ಎತ್ತುವ ಗರಡಿಯೊಂದರ ಗೆಳೆಯರು. ಪಂಜಾಬು, ಬಲೂಚಿಸ್ತಾನ, ಪರ್ಷಿಯಗಳನ್ನು ದಾಟಿ, ಬಾಗ್ದಾದಿನಿಂದ ಅಲೆಪ್ಪೊದವರೆಗಿನ ಮರುಭೂಮಿಯನ್ನು ಸುಮಾರು ಮೂರು ವಾರಗಳಲ್ಲಿ ಹಾಯ್ದು, ಇಟಲಿಯಿಂದ ಆಲ್ಪ್ಸ್ ಏರಿ, ಇಂಗ್ಲೆಂಡು, ಅಮೆರಿಕ, ಜಪಾನ್, ಕೊರಿಯ, ಚೀನ, ಸಯಾಂ, ಬರ್ಮಾಗಳ ಮೂಲಕ 1928ರ ಮಾರ್ಚ್ 18ರಂದು ಬೊಂಬಾಯಿಗೆ ಮರಳಿದರು. ನಾಲ್ಕು ವರ್ಷ ಐದು ತಿಂಗಳು, 44,000 ಮೈಲಿ. ಮರಳಿದವರು ಹಕೀಮ್, ಬಾಪಾಸೋಲಾ, ಭುಮಗಾರಾ ಈ ಮೂವರು. ಕಪಾಡಿಯಾ ಟೆಹರಾನಿನಿಂದ ಸ್ವಂತ ಕಾರಣಗಳಿಗಾಗಿ ಹಿಂದಿರುಗಿದರು. ಹಾಥಿರಾಂ ಅಮೆರಿಕದಲ್ಲೇ ನೆಲೆಸಿದರು. ಪೋಚ್‌ಖಾನಾವಾಲಾ ಅಲ್ಲಿಂದ ಊರಿಗೆ ಬಂದರು.

ಈ ಯಾನಕ್ಕೆ ಸ್ಟೀವನ್ಸನ ಯಾನಕ್ಕಿಲ್ಲದ ಒಂದು ಭಾರವಿತ್ತು. ಇವರು ಆಳಿಸಿಕೊಳ್ಳುತ್ತಿದ್ದ ದೇಶದ ಪ್ರಜೆಗಳು. ಇಂಡಿಯಾದವರು ದೇಹಬಲವಿಲ್ಲದವರು, ಸಾಹಸಕ್ಕೆ ಒದಗದವರು ಎಂದು ಆಳುವವರು ಆಡಿಕೊಳ್ಳುತ್ತಿದ್ದ ಕಾಲ ಅದು. ಅದಕ್ಕೆ ಉತ್ತರವಾಗಿ ಊರೂರಿನಲ್ಲಿ ಗರಡಿಗಳು, ವ್ಯಾಯಾಮಶಾಲೆಗಳು ತಲೆಯೆತ್ತಿದ್ದವು. ಅಂಥ ಒಂದು ಗರಡಿಯ ಹುಡುಗರು ಆಳುವವರ ರಾಜಧಾನಿಗೇ ಸೈಕಲ್ ತುಳಿದು ಹೋಗಿ ಇಳಿದದ್ದು ಯಾವ ಘೋಷಣೆಯೂ ಇಲ್ಲದೆ ಒಂದು ಮಾತನ್ನು ಹೇಳಿತು. 1931ರಲ್ಲಿ ಪ್ರಕಟವಾದ ಅವರ ಪ್ರವಾಸ ಕಥನಕ್ಕೆ ಮುನ್ನುಡಿ ಬರೆದವರು ಜವಾಹರಲಾಲ್ ನೆಹರೂ. ಸೆರೆಮನೆಗೂ ಮನೆಗೂ ನಡುವೆ ಅವರು ಓಡಾಡುತ್ತಿದ್ದ ವರ್ಷಗಳು ಅವು. ಇವರ ಬೆನ್ನಿಗೇ 1924ರಲ್ಲಿ ಬೊಂಬಾಯಿಯ ಫ್ರಾಮ್‌ರೋಜ್ ದಾವರ್ ಒಬ್ಬರೇ ಹೊರಟು, ವಿಯೆನ್ನಾದಲ್ಲಿ ಜೊತೆಗಾರನನ್ನು ಪಡೆದು, ಸಹಾರಾ, ಆಂಡೀಸ್, ಅಮೆಜಾನುಗಳನ್ನು ದಾಟಿ 1931ರಲ್ಲಿ ಮರಳಿದರು. 1926ರಲ್ಲಿ ಕಲ್ಕತ್ತೆಯಿಂದ ಹೊರಟ ಬಿಮಲ್ ಮುಖರ್ಜಿ 1937ರವರೆಗೆ ಊರಿನ ಮುಖ ನೋಡಲಿಲ್ಲ.

ಕನ್ನಡ ನಾಡಿಗೆ ನೇರವಾಗಿ ಸಂಬಂಧಿಸಿದ ಒಂದು ಹೆಸರೂ ಈ ಇತಿಹಾಸದಲ್ಲಿದೆ. ಐರ್ಲೆಂಡಿನ ಡರ್ವ್ಲಾ ಮರ್ಫಿಗೆ ಹತ್ತನೆಯ ಹುಟ್ಟುಹಬ್ಬಕ್ಕೆ ದೊರೆತದ್ದು ಒಂದು ಸೈಕಲ್ಲು, ಒಂದು ಭೂಪಟ ಪುಸ್ತಕ. ಆಗಲೇ ಇಂಡಿಯಾಕ್ಕೆ ಹೋಗುವುದೆಂದು ನಿಶ್ಚಯಿಸಿದಳು. ಆದರೆ ಹಾಸಿಗೆ ಹಿಡಿದ ತಾಯಿಯ ಆರೈಕೆಯಲ್ಲಿ ಯೌವನ ಕಳೆಯಿತು. ತಾಯಿ ತೀರಿಕೊಂಡ ಮೇಲೆ, 1963ರ ಜನವರಿಯ ಕಡುಚಳಿಯಲ್ಲಿ ಹೊರಟು ಜುಲೈ ತಿಂಗಳಲ್ಲಿ ದೆಹಲಿ ಸೇರಿದಳು. ಏಷ್ಯಾದ ರಸ್ತೆಗಳಲ್ಲಿ ಕೆಟ್ಟರೆ ರಿಪೇರಿಯಾಗದೆಂದು ಸೈಕಲ್ಲಿನ ಗೇರುಗಳನ್ನು ಮೊದಲೇ ಬಿಚ್ಚಿಸಿದ್ದಳು. ಯುಗೋಸ್ಲಾವಿಯಾದಲ್ಲಿ ತೋಳಗಳನ್ನು ಎದುರಿಸಿ ಉಳಿದವಳ ಮೂರು ಪಕ್ಕೆಲುಬು ಮುರಿದದ್ದು ಆಫ್ಘಾನಿಸ್ತಾನದ ಬಸ್ಸಿನೊಳಗಿನ ಜಗಳದಲ್ಲಿ, ಬಂದೂಕಿನ ಹಿಡಿ ತಗುಲಿ. ಆದರೂ ಆಫ್ಘನ್ನರ ಮೇಲಿನ ಅವಳ ಪ್ರೀತಿ ಮುಕ್ಕಾಗಲಿಲ್ಲ. ಹತ್ತು ವರ್ಷದ ಮೇಲೆ, 1973ರಲ್ಲಿ, ಐದು ವರ್ಷದ ಮಗಳ ಕೈ ಹಿಡಿದು ಮತ್ತೆ ಬಂದಾಗ ಅವಳ ಮನಸ್ಸು ನಿಂತದ್ದು ನಮ್ಮ ಕೊಡಗಿನಲ್ಲಿ. ಈ ಬಾರಿ ಸೈಕಲ್ಲಿರಲಿಲ್ಲ. ಆ ಕೊಡಗಿನ ಪುಸ್ತಕ 1976ರಲ್ಲಿ ಹೊರಬಂತು. ಆಕೆ 2022ರಲ್ಲಿ ತೊಂಬತ್ತು ದಾಟಿ ತೀರಿಕೊಂಡಳು.

ಇವರೆಲ್ಲರ ಅನುಭವವನ್ನು ಒಟ್ಟಿಗಿಟ್ಟು ನೋಡಿದರೆ ಒಂದು ವಿಷಯ ಸ್ಪಷ್ಟವಾಗುತ್ತದೆ. ಸೈಕಲ್ಲಿನವನಿಗೆ ಬಾಗಿಲಿಲ್ಲ, ಗಾಜಿಲ್ಲ. ಮಳೆ ಬಂದರೆ ನೆನೆಯಬೇಕು, ರಾತ್ರಿಯಾದರೆ ಯಾರದಾದರೂ ಜಗಲಿ ಬೇಕು. ಅಪರಿಚಿತರ ದಯೆಯನ್ನು ನಂಬಿಯೇ ಅವನು ಹೊರಡಬೇಕು. ಬಹುಪಾಲು ಕಡೆ ಆ ನಂಬಿಕೆ ಸುಳ್ಳಾಗಲಿಲ್ಲ; ಲೆಂಜನ ಪಾಲಿಗೆ ಸುಳ್ಳಾಯಿತು. ಈ ಎರಡನ್ನೂ ಹೇಳದೆ ಇತಿಹಾಸ ಪೂರ್ತಿಯಾಗುವುದಿಲ್ಲ.

ದಾರಿಗಳಿಗೂ ಏರಿಳಿತ ಉಂಟು. 1923ರಲ್ಲಿ ಆ ಆರು ಮಂದಿಗೆ ಬೊಂಬಾಯಿಯಿಂದ ಪರ್ಷಿಯದ ಗಡಿಯವರೆಗೆ ಒಂದೇ ಆಡಳಿತ. 1947ರಲ್ಲಿ ಆ ದಾರಿಯ ಮೇಲೆ ಗಡಿಯ ಗೆರೆ ಬಿತ್ತು. ಮರ್ಫಿ ಬಂದ ಆಫ್ಘನ್ ದಾರಿ 1979ರ ಸೋವಿಯತ್ ದಾಳಿಯ ಮೇಲೆ ರಣರಂಗವಾಯಿತು. ಸೈಕಲ್ಲು ಹಗುರವಾಯಿತು, ರಸ್ತೆ ನುಣುಪಾಯಿತು. 2017ರಲ್ಲಿ ಸ್ಕಾಟ್ಲೆಂಡಿನ ಮಾರ್ಕ್ ಬೋಮಾಂಟ್ ಬೆಂಬಲದ ವಾಹನಗಳೊಡನೆ 79 ದಿನಗಳಲ್ಲಿ ಸುಮಾರು 18,000 ಮೈಲಿ ತುಳಿದು ಭೂಮಿಯನ್ನು ಸುತ್ತಿಬಿಟ್ಟ. ಆ ದೇಹಶಕ್ತಿಗೆ ಕೈಮುಗಿಯೋಣ. ಆದರೆ ಬೊಂಬಾಯಿಯ ಹುಡುಗರು ಹೋದ ದಾರಿಯಲ್ಲಿ ಇಂದು ಅಷ್ಟು ಸಲೀಸಾಗಿ ಹೋಗುವುದು ಯಾರಿಗೂ ಸಾಧ್ಯವಿಲ್ಲ.

ಇತಿಹಾಸ ಸಾಮಾನ್ಯವಾಗಿ ಗುರಿ ಮುಟ್ಟಿದವರನ್ನು ಎಣಿಸುತ್ತದೆ. ಆರರಲ್ಲಿ ಮೂವರು, ಇಬ್ಬರಲ್ಲಿ ಒಬ್ಬ ಎಂದು ಲೆಕ್ಕ ಮುಗಿಸುತ್ತದೆ. ಆದರೆ ಏರಿನ ಲೆಕ್ಕವನ್ನು ಬಲ್ಲವರು ಹಾಗೆ ಮುಗಿಸಲಾರರು. ಆ ಕಾಲದ ರಸ್ತೆಗಳಲ್ಲಿ, ಬಲೂಚಿಸ್ತಾನದ ಬಿಸಿಲಿನಲ್ಲಿ, ಬೊಂಬಾಯಿಯಿಂದ ಟೆಹರಾನಿನವರೆಗೆ ಸೈಕಲ್ ತುಳಿದ ಒಬ್ಬ ತರುಣನನ್ನು ಅರ್ಧದಲ್ಲಿ ಬಿಟ್ಟವನು ಎಂದು ಕರೆಯಲು ನಮ್ಮ ನಾಲಗೆ ಏಳಬಾರದು. ಅವನೂ ದೇಶ ಸುತ್ತಿದವನೇ.