ಸೂರಿಲ್ಲದವರೂ ಸೂಜಿಮದ್ದೂ

ನಮ್ಮ ಚಾಮರಾಜಪೇಟೆಯು 1892ರಲ್ಲಿ ರೂಪುಗೊಂಡ ಬಡಾವಣೆ. ಅದಾದ ಆರು ವರ್ಷಗಳಿಗೆ, ಎಂದರೆ 1898ರ ಆಗಸ್ಟ್ ತಿಂಗಳಲ್ಲಿ, ಪ್ಲೇಗು ಮಾರಿಯು ರೈಲುಮಾರ್ಗವಾಗಿ ಬೆಂಗಳೂರನ್ನು ಹೊಕ್ಕಿತು. ಬಸವನಗುಡಿ, ಮಲ್ಲೇಶ್ವರಗಳು ಆ ಮಾರಿಯ ತರುವಾಯ ಬೆಳೆದ ಬಗೆಯನ್ನು ಹಿರಿಯರು ಅನೇಕಾವರ್ತಿ ವರ್ಣಿಸಿರುವರು. ಅಗಲವಾದ ಬೀದಿ, ಗಾಳಿಬೆಳಕುಗಳುಳ್ಳ ಮನೆ, ಮನೆಯ ಹಿಂದಣ ಓಣಿ, ಇವೆಲ್ಲ ಆ ಭಯವು ಕಲಿಸಿದ ಪಾಠಗಳು. ಆದರೆ ಮನೆಯೇ ಇಲ್ಲದವನನ್ನು ಮಾರಿಯ ಕಾಲದಲ್ಲಿ ಮದ್ದು ಮುಟ್ಟಿತೆ ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಅದನ್ನೇ ವಾಚಕ ಮಹಾಶಯರ ಮುಂದಿಡಲು ಇಲ್ಲಿ ಯತ್ನಿಸುವೆನು.

ಪ್ಲೇಗಿಗೆ ಸೂಜಿಮದ್ದು ಆಗಲೇ ಸಿದ್ಧವಾಗಿತ್ತು. ಹಾಫ್ಕಿನ್ ಎಂಬ ವಿಜ್ಞಾನಿಯು 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಅದನ್ನು ಮೊದಲು ತನ್ನ ಮೈಗೇ ಚುಚ್ಚಿಸಿಕೊಂಡಿದ್ದನು. ಆದರೆ ಜನರು ರೋಗಕ್ಕೆ ಅಂಜಿದಷ್ಟೇ ಸರ್ಕಾರದ ಕಟ್ಟುಪಾಡುಗಳಿಗೂ ಅಂಜಿದರು. ಮನೆಗಳ ಶೋಧನೆ, ರೋಗಿಯನ್ನು ಎತ್ತಿಕೊಂಡು ಹೋಗುವುದು, ಮನೆಯವರನ್ನು ಊರ ಹೊರಗಿನ ಶೆಡ್ಡುಗಳಿಗೆ ಅಟ್ಟುವುದು, ಇವು ಅಸಹ್ಯವಾದುವು. 1898ರಲ್ಲಿ ಶ್ರೀರಂಗಪಟ್ಟಣದ ಗಂಜಾಮಿನಲ್ಲಿ ಇದೇ ಕಾರಣದಿಂದ ದೊಂಬಿಯಾಯಿತು. ಇತ್ತ ಮುಂಬಯಿ ಆಧಿಪತ್ಯದಲ್ಲಿ ಚುಚ್ಚಿಸಿಕೊಂಡವರಿಗೆ ಈ ಬಲಾತ್ಕಾರದ ನಿಯಮಗಳಲ್ಲಿ ಕೆಲವು ವಿನಾಯಿತಿಗಳು ದೊರೆತುವು. ಆ ಆಧಿಪತ್ಯಕ್ಕೆ ಸೇರಿದ್ದ ಹುಬ್ಬಳ್ಳಿಯಲ್ಲಿ 1898ರಲ್ಲಿ 30,000ಕ್ಕೂ ಮಿಕ್ಕು ಜನರು ಸೂಜಿಗೆ ತೋಳೊಡ್ಡಿದರು. ಸೂಜಿಯ ಫಲವಾಗಿ ತನ್ನ ಮನೆಯಲ್ಲಿ ನೆಮ್ಮದಿಯಾಗಿರಬಹುದೆಂಬ ಆಸೆಯೂ ಅವರನ್ನು ಪ್ರೇರಿಸಿರಬೇಕೆಂದು ನನ್ನ ಊಹೆ. ಮನೆಯಿಲ್ಲದವನಿಗಾದರೋ ಆ ವಿನಾಯಿತಿಯಿಂದ ಲಾಭವೇನು?

ನೂರಿಪ್ಪತ್ತಮೂರು ವರ್ಷಗಳ ಮೇಲೆ ಕೋವಿಡ್ ಮಾರಿಯ ಕಾಲದಲ್ಲಿ ಇದೇ ಪ್ರಶ್ನೆಯು ವೇಷ ಬದಲಿಸಿ ಬಂದಿತು. 2021ರ ಜನವರಿ 16ರಂದು ದೇಶದಲ್ಲಿ ಲಸಿಕೆಯು ಆರಂಭವಾಯಿತು. ಕೋವಿನ್ ದಾಖಲೆಯಲ್ಲಿ ಹೆಸರು ಬರೆಯಿಸಲು ಮೊಬೈಲ್ ಸಂಖ್ಯೆಯೂ ಗುರುತಿನ ಚೀಟಿಯೂ ಬೇಕಾಗಿದ್ದುವು. ಆ ಕಾಲದಲ್ಲಿ ಮಾರುಕಟ್ಟೆಯ ಕಡೆಯ ಅಂಗಡಿಯೊಂದರ ಜಗಲಿಯಲ್ಲಿ ಮಲಗುತ್ತಿದ್ದ ಮೂಟೆಯಾಳೊಬ್ಬನು ನನ್ನನ್ನು ಕೇಳಿದನು: "ಮೇಷ್ಟ್ರೇ, ಫೋನಿಲ್ಲ, ಚೀಟಿಯೂ ಇಲ್ಲ, ನನ್ನ ಹೆಸರನ್ನು ಯಾರ ಲೆಕ್ಕಕ್ಕೆ ಬರೆಸಲಿ?" ಅವನಿಗೆ ಸೂಜಿಯ ಭಯವಿರಲಿಲ್ಲ. ಮಾರನೆಯ ದಿನ ಜ್ವರ ಬಂದರೆ ಕೂಲಿ ಹೋಗುವುದು, ಹಗಲು ಮಲಗಲು ಜಗಲಿಯೂ ಸಿಕ್ಕದು ಎಂಬುದೇ ಅವನ ಚಿಂತೆ. ನನ್ನ ಬಳಿ ಉತ್ತರವಿರಲಿಲ್ಲ.

ಚೀಟಿಯಿಲ್ಲದವರಿಗಾಗಿ ಕೇಂದ್ರ ಸರ್ಕಾರವು ಅದೇ ವರ್ಷದ ಮೇ ತಿಂಗಳಿನಲ್ಲಿ ಕ್ರಮವೊಂದನ್ನು ಪ್ರಕಟಿಸಿದುದು ಸ್ತುತ್ಯವೇ. ಅಲೆಮಾರಿಗಳು, ಬೀದಿಯ ಭಿಕ್ಷುಕರು ಮೊದಲಾದವರನ್ನು ಹೊಣೆಗಾರನೊಬ್ಬನ ಮೂಲಕ ಗುಂಪಾಗಿ ಬರೆಯಿಸಬಹುದೆಂದಾಯಿತು. ಆದರೆ ಅದೇ ತಿಂಗಳು ಕೋವಿಶೀಲ್ಡ್ ಲಸಿಕೆಯ ಎರಡು ಸರದಿಗಳ ನಡುವಣ ಅಂತರವು 12ರಿಂದ 16 ವಾರಗಳಿಗೆ ಏರಿತು. ಮೂರು ತಿಂಗಳ ಮೇಲೆ ಜಗಲಿಯವನನ್ನು ಎಲ್ಲಿ ಹುಡುಕುವುದು? ಜೂನ್ ತಿಂಗಳಿನಲ್ಲಿ ಓದಿಗಾಗಿಯೂ ಉದ್ಯೋಗಕ್ಕಾಗಿಯೂ ಪರದೇಶಕ್ಕೆ ಹೊರಟವರಿಗೆ ಆ ಅಂತರವನ್ನು 28 ದಿನಗಳಿಗೆ ಇಳಿಸಲಾಯಿತು. ಆ ರಿಯಾಯಿತಿಯ ಪಟ್ಟಿಯಲ್ಲಿ ಬೀದಿಯಲ್ಲಿ ಮಲಗುವವನಿರಲಿಲ್ಲ.

ಮೂಢನಂಬಿಕೆಯೇ ಬಡವನನ್ನು ಮದ್ದಿನಿಂದ ದೂರವಿಟ್ಟಿತೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಕೆಲವೆಡೆ ಅದು ನಿಜವೂ ಇರಬಹುದು. ಆದರೆ ಮದ್ದು ಮನೆಬಾಗಿಲನ್ನೂ ಚೀಟಿಯನ್ನೂ ಹುಡುಕಿ ನಡೆದರೆ, ಅವೆರಡೂ ಇಲ್ಲದವನು ನಂಬಿಕೆಯಿದ್ದರೂ ಹೊರಗುಳಿಯುವನು. ನಗರದ ಒಂದು ಲಕ್ಷ ಜನಕ್ಕೆ ನೂರು ಮಂದಿಯ ತಂಗುದಾಣವೊಂದಿರಬೇಕೆಂಬ ನಿಯಮವು ನಮ್ಮಲ್ಲಿ ಉಂಟು. ಅದು ಪೂರ್ಣವಾಗಿ ನಡೆದಲ್ಲಿ ಹೆಸರಿನ ಪಟ್ಟಿಯೂ, ಜ್ವರದ ದಿನ ಮಲಗಲು ಚಾಪೆಯೂ, ಎರಡನೆಯ ಸರದಿಗೆ ಕರೆಯಲು ಒಂದು ಠಾವೂ ಒಟ್ಟಿಗೆ ದೊರೆಯುವುವು. ಮುಂದಿನ ಮಾರಿಯು ಬರುವ ಮುನ್ನವೇ, ರಾತ್ರಿ ಯಾರು ಎಲ್ಲಿ ಮಲಗುವರೆಂಬುದನ್ನು ಪೇಟೆಪೇಟೆಯಲ್ಲಿಯೂ ನಡೆದು ನೋಡಿ ಬರೆದಿಡಬೇಕು. ಆ ಮೂಟೆಯಾಳನ್ನು ಮತ್ತೆ ನಾನು ಕಾಣಲಿಲ್ಲ. ಅವನ ಹೆಸರನ್ನು ಅಂದು ಕೇಳಿಕೊಳ್ಳದಿದ್ದುದು ನನ್ನ ತಪ್ಪು.