ಕರಟದ ಇದ್ದಿಲು

ಧರ್ಮರಾಜನೆನಿಸಿದ ಕಾರ್ತಿಕ ತಿರುನಾಳ್ ರಾಮವರ್ಮನ ಆಳ್ವಿಕೆಯಲ್ಲಿ, 18ನೆಯ ಶತಮಾನದ ಉತ್ತರಾರ್ಧದಲ್ಲಿ, ದಿವಾನ ರಾಜಾ ಕೇಶವದಾಸನು ತಿರುವನಂತಪುರದ ಕೋಟೆಯ ಪೂರ್ವಕ್ಕೆ ಚಾಲೈ ಪೇಟೆಯನ್ನು ನೆಲೆಗೊಳಿಸಿದಾಗ, ಮೆಣಸು ಕೊಬ್ಬರಿಗಳ ಲೆಕ್ಕ ಬರೆಯುತ್ತಿದ್ದ ವರ್ತಕರಲ್ಲಿ ಯಾವನೂ, ಒಲೆಗೋ ಸೌಟಿಗೋ ಸಲ್ಲುತ್ತಿದ್ದ ಕರಟವು ಮುಂದೊಂದು ಕಾಲಕ್ಕೆ ಜಲಶೋಧನೆಯ ಶ್ರೇಷ್ಠ ಸಾಮಗ್ರಿಯಾದೀತೆಂದು ಊಹಿಸಿರಲಾರನು.

ಸರಿಸುಮಾರು ಅದೇ ಕಾಲದಲ್ಲಿ, 1785ರಲ್ಲಿ, ರಷ್ಯಾದಲ್ಲಿದ್ದ ರಸಾಯನಜ್ಞ ಲೋವಿಟ್ಸ್, ಇದ್ದಿಲು ದ್ರಾವಣಗಳ ಬಣ್ಣವನ್ನು ಹೀರಿಕೊಳ್ಳುವುದನ್ನು ಕಂಡುಕೊಂಡನು. ಒಂದನೆಯ ಮಹಾಯುದ್ಧದ ವಿಷಾನಿಲಕ್ಕೆ ಪ್ರತಿಯಾಗಿ ಸೈನಿಕರ ಮುಖಕವಚಗಳಲ್ಲಿ ತುಂಬಲು, ಗಟ್ಟಿಯಾಗಿಯೂ ಸೂಕ್ಷ್ಮರಂಧ್ರಮಯವಾಗಿಯೂ ಇರುವ ಕರಟದ ಇದ್ದಿಲೇ ಪ್ರಶಸ್ತವೆನಿಸಿತು. ಮನುಷ್ಯನ ವಿವೇಕಕ್ಕೆ ಯುದ್ಧವೇ ಗುರುವಾಗಬೇಕಾದದ್ದು ಖೇದಕರ.

ಇಂದು ಮನೆಯಲ್ಲಿ ಹವಳಗಳನ್ನು ಸಾಕುವ ತೊಟ್ಟಿಗಳಿಗಾಗಿ, ಉಗಿಯಿಂದ ಪಕ್ವಗೊಳಿಸಿದ ಅದೇ ಇದ್ದಿಲನ್ನು ರಿಯಾಕ್ಟರ್ ಎಂಬ ನಳಿಗೆಯಲ್ಲಿ ತುಂಬಿ, ಪಂಪಿನ ಬಲದಿಂದ ನೀರನ್ನು ತಳದಿಂದ ಮೇಲಕ್ಕೆ ಹಾಯಿಸುತ್ತಾರೆ; ಅದು ನೀರಿನ ಹಳದಿ ಛಾಯೆಯನ್ನೂ ಸಾವಯವ ಕಲ್ಮಷವನ್ನೂ ಹಿಡಿದಿಡುತ್ತದೆ. ಪಾಚಿಯನ್ನು ಪೋಷಿಸುವ ಫಾಸ್ಫೇಟಿಗಾದರೋ ಕಬ್ಬಿಣದ ಆಕ್ಸೈಡಿನ ಹರಳುಗಳು ಬೇಕು. ಹರಿವು ಮಂದವಾದರೆ ಹರಳುಗಳು ಗಡ್ಡೆಗಟ್ಟುತ್ತವೆ. ತೀವ್ರವಾದರೆ ಪರಸ್ಪರ ಉಜ್ಜಿ ಪುಡಿಯಾಗಿ ತೊಟ್ಟಿಗೇ ಸೇರುತ್ತವೆ. ಹೊಸ ಇದ್ದಿಲನ್ನು ಮೊದಲೇ ತೊಳೆಯದವನ ತೊಟ್ಟಿ ಮಸಿಯ ದೌತಿಯಂತಾಗುವುದು ನಿಶ್ಚಯ.

ಯಂತ್ರವು ಸಾಮಾನ್ಯವಾದದ್ದೇ, ಅದರ ಒಡಲಿನಲ್ಲಿರುವ ಕರಟದ ಚರಿತ್ರೆಯೇ ನನಗೆ ಹೆಚ್ಚು ರೋಚಕ. ಆದರೆ ಹವಳ ಸಾಕುವ ನಮ್ಮ ದೇಶದ ಹವ್ಯಾಸಿಗೆ ಒಂದು ಮಿತಿ ಉಂಟು: 2001ರಲ್ಲಿ ಕಲ್ಲುಹವಳಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿದ್ದರಿಂದ, ನಮ್ಮ ಸಮುದ್ರದಿಂದ ಅವನ್ನು ಕಿತ್ತು ತಂದು ಮಾರುವುದು ಅಪರಾಧವಾಗಿದೆ.