ಬಾದಶಹನು ಎಳೆದ ಮೂರು ದಮ್ಮು

ಪೈಪು ಸೇದಲು ಹೊಸದಾಗಿ ತೊಡಗುವವನು ಮೊದಲಿಗೆ ಯಾವ ತಂಬಾಕನ್ನು ಆರಿಸಿಕೊಳ್ಳಬೇಕು? ಈ ಪ್ರಶ್ನೆಯನ್ನು ನಾನು 2003ರ ಶ್ರಾವಣದಲ್ಲಿ ದುಮ್ಮವಾಡದಲ್ಲಿದ್ದ ನಮ್ಮ ಅಜ್ಜನಿಗೆ ಕೇಳಿದ್ದೆ. ಆಗ ನಾನು ಅಧ್ಯಾಪಕನಾಗಿ ವರ್ಷ ತುಂಬಿರಲಿಲ್ಲ. ಪರದೇಶದಿಂದ ಬಂದ ಗೆಳೆಯನೊಬ್ಬನು ಕಟ್ಟಿಗೆಯ ಪೈಪೊಂದನ್ನು ಕಾಣಿಕೆಯಾಗಿ ಕೊಟ್ಟಿದ್ದ. ಹಳೆಯ ಪ್ರಾಧ್ಯಾಪಕರ ಭಾವಚಿತ್ರಗಳಲ್ಲಿ ಕಾಣುವ ಆ ಗಾಂಭೀರ್ಯವು ಪೈಪಿನಿಂದಲೇ ಬರುತ್ತದೆಂದು ನನ್ನ ಎಣಿಕೆ. ಆದರೆ ಹುಬ್ಬಳ್ಳಿಯ ಪಾನ್ ಅಂಗಡಿಗಳಲ್ಲಿ ನಾನು ಕೇಳಿದಲ್ಲೆಲ್ಲ ಸಿಗರೇಟು, ಬೀಡಿ, ಗುಟಕಾ ಸಿಕ್ಕವೇ ಹೊರತು ಪೈಪಿನ ತಂಬಾಕು ಸಿಗಲಿಲ್ಲ. ಹೀಗಾಗಿ ತಂಬಾಕನ್ನು ಬಲ್ಲವರ ಬಳಿಗೇ ಹೋಗೋಣವೆಂದು ಕಲಘಟಗಿ ತಾಲೂಕಿನ ಹಾದಿ ಹಿಡಿದೆ.

ದುಮ್ಮವಾಡವೆಂದರೆ ಹುಬ್ಬಳ್ಳಿಗೆ ದಶಕಗಳ ಕಾಲ ನೀರು ಕುಡಿಸಿದ ನೀರಸಾಗರ ಕೆರೆಯ ಮಗ್ಗುಲಿನ ಊರು. ಬೆಳವಲದ ಬಯಲು ಮುಗಿದು ಮಲೆನಾಡಿನ ನೆರಳು ತೊಡಗುವ ಜಾಗ. ಊರ ಹೆಸರಿಗೂ ದಮ್ಮು ಎಳೆಯುವುದಕ್ಕೂ ಯಾವ ಸಂಬಂಧವೂ ಇಲ್ಲ. ಕಾಲೇಜಿನಲ್ಲಿ ಗೆಳೆಯರು ಹಾಗೆಂದು ಚೇಷ್ಟೆ ಮಾಡುತ್ತಿದ್ದುದರಿಂದ ಈ ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕಾಯಿತು.

ಅಜ್ಜ ಕಟ್ಟೆಯ ಮೇಲೆ ಕುಳಿತಿದ್ದ. ಪೈಪನ್ನು ಹಿಂದೆ ಮುಂದೆ ತಿರುವಿ ನೋಡಿ, “ಇದೇನೋ ತಮ್ಮಾ, ಹಿಂಗ ಸೊಟ್ಟ ಆಗೇತಿ?” ಎಂದ.

“ಇದೂ ಚಿಲುಮೀನ ಅಜ್ಜಾ, ಇಂಗ್ಲಿಷ್ ಮಂದೀದು. ಹೊಸದಾಗಿ ಸೇದಾವ್ರು ಎಂಥಾ ತಂಬಾಕ ಹಾಕಬೇಕು ಅನ್ನೂದು ತಿಳೀವಲ್ದು.”

“ನಂಗೇನ್ ಯಾರರ ಆರಿಸಿ ಕೊಟ್ಟಿದ್ರೇನು? ಭತ್ತದ ಹೊಲದಾಗ ಕಳೆ ತಗಿಯೂ ಮುಂದ ಥಂಡಿ ಹತ್ತಿತ್ತು. ನಮ್ಮಪ್ಪ ತನ್ನ ಚಿಲುಮಿ ಕೊಟ್ಟ, ಎಳದೆ. ಹನ್ನೆರಡು ವರ್ಷದವ ಇದ್ದೆ.”

ಹೀಗೆನ್ನುತ್ತ ಅವನು ಸೊಂಟದ ಚಂಚಿಯನ್ನು ಬಿಚ್ಚಿದ. ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ತಂಬಾಕಿಗೊಂದು ಎಂದು ಅರೆಗಳಿದ್ದ ಚಂಚಿ ಅದು. ತಂಬಾಕನ್ನು ಅಂಗೈಯಲ್ಲಿ ತಿಕ್ಕಿ ಚಿಟಿಕೆ ಚಿಟಿಕೆಯಾಗಿ ಪೈಪಿಗೆ ತುಂಬಿದ. “ಒತ್ತಿ ತುಂಬಬಾರದು, ಗಾಳಿ ಆಡಬೇಕು. ಬೀಡಿ ಎಳದಂಗ ಅವಸರಲೆ ಎಳೀಬ್ಯಾಡ” ಎಂದು ಹೇಳಿ ಕಡ್ಡಿ ಕೊರೆದ. ಎರಡು ಮೂರು ದಮ್ಮಿಗೆ ನನ್ನ ಕಣ್ಣಲ್ಲಿ ನೀರು, ನಾಲಿಗೆಯಲ್ಲಿ ಬೆಂಕಿ. ಒಳಗಿನಿಂದ ಅಜ್ಜಿ, “ಎಂ.ಎ. ಓದಿಸಿದ್ದು ಇದಕ್ಕೇನು?” ಎಂದು ಕೇಳಿದ್ದು ಓಣಿಗೆಲ್ಲ ಕೇಳಿಸಿತು.

ಪೈಪನ್ನು ಬಲ್ಲವರು ಹೊಸಬರಿಗೆ ಹೇಳುವ ಪಾಠವೂ ಬಹುಮಟ್ಟಿಗೆ ಅಜ್ಜನದೇ ಎಂದು ಮುಂದೆ ಓದಿ ತಿಳಿದೆ. ಸಡಿಲಾಗಿ ತುಂಬು, ನಿಧಾನವಾಗಿ ಎಳೆ ಎನ್ನುತ್ತಾರೆ. ವರ್ಜೀನಿಯಾ ಎಲೆಯಲ್ಲಿ ಸಕ್ಕರೆಯ ಅಂಶ ಹೆಚ್ಚು, ಅವಸರದಿಂದ ಎಳೆದರೆ ನಾಲಿಗೆ ಸುಡುತ್ತದೆ. ಬರ್ಲಿಯಲ್ಲಿ ಸಕ್ಕರೆ ಕಡಮೆ. ಲಟಾಕಿಯಾ ಎಂಬುದು ಕಟ್ಟಿಗೆಯ ಹೊಗೆಯಲ್ಲಿ ಹದಗೊಳಿಸಿದ್ದು, ಅದರ ವಾಸನೆ ಮೂರು ಮನೆಗೆ ಸಾಕು. ಅಜ್ಜನ ಚಂಚಿಯಲ್ಲಿದ್ದುದು ಅಗಿಯುವವರಿಗೂ ಚಿಲುಮಿಯವರಿಗೂ ತಕ್ಕ ಬಿಸಿಲಿನಲ್ಲಿ ಒಣಗಿಸಿದ ಕಡು ಎಲೆ. ಹೊಸಬನಿಗೆ ಅದಕ್ಕಿಂತ ತಪ್ಪಾದ ಆಯ್ಕೆ ಇನ್ನೊಂದಿಲ್ಲ.

ಈ ಕಟ್ಟೆಯ ಪ್ರಸಂಗ ನನಗೆ ಮತ್ತೆ ಕಣ್ಣಿಗೆ ಕಟ್ಟಿದ್ದು ಅಸದ್ ಬೇಗನ ಫಾರಸೀ ವೃತ್ತಾಂತದ ಅನುವಾದವನ್ನು ಓದಿದಾಗ. ನಮ್ಮ ದೇಶದಲ್ಲಿ ಹೊಸಬನೊಬ್ಬನು ಮೊದಲ ಸಲ ತಂಬಾಕು ಸೇದಿದ ಬಗ್ಗೆ ಇಷ್ಟು ವಿವರವಾದ ಹಳೆಯ ಬರಹ ಇನ್ನೊಂದನ್ನು ನಾನು ಕಂಡಿಲ್ಲ. ಆ ಹೊಸಬನು ಸಾಕ್ಷಾತ್ ಅಕಬರ ಬಾದಶಹ. ತಂಬಾಕು ಹೋದದ್ದು ನಮ್ಮ ವಿಜಾಪುರದಿಂದ!

ಆಗ ವಿಜಾಪುರವನ್ನು ಆಳುತ್ತಿದ್ದವನು ಎರಡನೆಯ ಇಬ್ರಾಹಿಂ ಆದಿಲಶಹ (1580-1627). ಸಂಗೀತಪ್ರಿಯ, ‘ಕಿತಾಬ್-ಎ-ನವರಸ್’ ಬರೆದವನು, ಜನರಿಂದ ಜಗದ್ಗುರುವೆನಿಸಿಕೊಂಡವನು. ಅವನ ಮಗಳನ್ನು ಅಕಬರನ ಮಗ ದಾನಿಯಾಲನಿಗೆ ಕೊಡುವ ಮಾತಾಗಿತ್ತು. ಆ ಕೆಲಸಕ್ಕೆ ಹೋದ ಮೊದಲ ರಾಯಭಾರಿ ವಿಜಾಪುರದಲ್ಲಿಯೇ ತಡಮಾಡಿದ್ದರಿಂದ ಅಸದ್ ಬೇಗನನ್ನು ಬೆನ್ನಹಿಂದೆಯೇ ಅಟ್ಟಲಾಯಿತು. 1604ರಲ್ಲಿ ಅವನು ಹಿಂದಿರುಗಿದಾಗ ಅನೇಕ ಕಾಣಿಕೆಗಳ ಜೊತೆಗೆ ವಿಜಾಪುರದಲ್ಲಿ ಕಂಡ ಒಂದು ಹೊಸ ಎಲೆಯನ್ನೂ ಒಯ್ದ. ಉತ್ತರದಲ್ಲಿ ಅಂಥದನ್ನು ಅವನು ಕಂಡಿರಲೇ ಇಲ್ಲ.

ಅವನು ಸಿದ್ಧಪಡಿಸಿದ ಚಿಲುಮಿಯ ವರ್ಣನೆಯನ್ನು ಓದಿಯೇ ತಿಳಿಯಬೇಕು. ಮೂರು ಮೊಳದ ಕೊಳವೆ ಸುಮಾತ್ರಾ ದ್ವೀಪದ ಆಚೆಯಿಂದ ಬಂದದ್ದು. ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿಯ ಕೆಲಸ. ಬಾಯಿಗಿಡುವ ತುದಿಗೆ ಯೆಮನ್ ದೇಶದ ಕೆಂಪು ಅಕೀಕು. ಹೊತ್ತಿಸಲು ಚಿನ್ನದ ಸಾಧನ. ಕೊಳವೆಗೆ ಬೆಳ್ಳಿಯ ಕವಚ, ಅದರ ಮೇಲೆ ನೇರಳೆ ಬಣ್ಣದ ಮಖಮಲ್ಲು. ಇನ್ನು ತಂಬಾಕು ಎಲ್ಲಿತ್ತು ಬಲ್ಲಿರಾ? ಆದಿಲಶಹನು ಉಡುಗೊರೆ ಕೊಟ್ಟ ಎಲೆ ಅಡಿಕೆಯ ಚೀಲದಲ್ಲಿ! ನಮ್ಮ ಮಾತಿನಲ್ಲಿ ಹೇಳುವುದಾದರೆ ಚಂಚಿಯಲ್ಲಿ. ಎಲೆ ಅಮೇರಿಕೆಯದು, ಕೊಳವೆ ಸುಮಾತ್ರಾದ್ದು, ಕಲ್ಲು ಅರಬರದು, ಚಂಚಿ ಮಾತ್ರ ನಮ್ಮದು. 1510ರಲ್ಲಿ ಗೋವೆಯನ್ನು ಆದಿಲಶಾಹಿಯಿಂದ ಕಿತ್ತುಕೊಂಡ ಪೋರ್ತುಗೀಜರು ನೂರು ವರ್ಷದೊಳಗೆ ನಮ್ಮ ಚಂಚಿಯ ಒಂದು ಅರೆಯನ್ನೂ ಹಿಡಿದುಕೊಂಡಿದ್ದರು.

ಬೆಳ್ಳಿಯ ತಟ್ಟೆಯಲ್ಲಿಟ್ಟ ಈ ಸಾಮಾನಿನ ಮೇಲೆ ಬಾದಶಹನ ಕಣ್ಣು ಬಿತ್ತು. ಇದೇನೆಂದು ಕೇಳಿದ. ಉತ್ತರ ಕೊಟ್ಟವನು ಖಾನ್-ಇ-ಆಜಮ್ ಮಿರ್ಜಾ ಅಜೀಜ್ ಕೋಕಾ. ಇದು ತಂಬಾಕು, ಮಕ್ಕಾ ಮದೀನಾಗಳಲ್ಲಿ ಬಳಕೆಯಲ್ಲಿದೆ, ಔಷಧಕ್ಕೆಂದು ತಂದಿದ್ದಾರೆ ಎಂದು ಹೇಳಿದ. ಅವನು ಹತ್ತು ವರ್ಷಗಳ ಹಿಂದೆ ಮಕ್ಕಾ ಯಾತ್ರೆ ಮಾಡಿ ಬಂದವನಾದ್ದರಿಂದ ಅವನಿಗೆ ಗೊತ್ತಿದ್ದುದು ಸಹಜ. ಬಾದಶಹನು ಒಂದು ಚಿಲುಮಿ ಹಚ್ಚಿಸಿದ. ರಾಜವೈದ್ಯನು ಓಡಿಬಂದು ಬೇಡವೆಂದ. ತಂದವನ ಮನಸ್ಸು ನೋಯಬಾರದೆಂದು ಅಕಬರನು ಎರಡು ಮೂರು ದಮ್ಮು ಎಳೆದು ಬಿಟ್ಟುಕೊಟ್ಟ. ಆಗ ಅವನಿಗೆ ಅರವತ್ತು ದಾಟಿತ್ತು.

ಮುಂದೆ ನಡೆದ ವಾದವೇ ನನಗೆ ಮುಖ್ಯವಾಗಿ ತೋರುವುದು. ನಮ್ಮ ಗ್ರಂಥಗಳಲ್ಲಿ ಇದರ ಸುದ್ದಿಯಿಲ್ಲ, ಪರೀಕ್ಷಿಸದ ವಸ್ತುವನ್ನು ಬಾದಶಹರು ಸೇವಿಸಬಾರದು, ಫಿರಂಗಿಗಳನ್ನು ಅನುಸರಿಸುವ ಗರಜು ನಮಗಿಲ್ಲ ಎಂದು ವೈದ್ಯನ ವಾದ. ಪರೀಕ್ಷಿಸದೆ ನೀವು ತೀರ್ಪು ಹೇಳುವುದಾದರೂ ಹೇಗೆ, ಲೋಕದ ಎಲ್ಲ ರೂಢಿಯೂ ಒಂದು ದಿನ ಹೊಸದೇ ಆಗಿತ್ತಲ್ಲವೆ ಎಂದು ಅಸದ್ ಬೇಗನ ಪ್ರತಿವಾದ. ಅಕಬರನು ಅಸದ್ ಬೇಗನನ್ನೇ ಮೆಚ್ಚಿದ. ನಮ್ಮ ಪುಸ್ತಕದಲ್ಲಿಲ್ಲವೆಂಬ ಒಂದೇ ಕಾರಣಕ್ಕೆ ಬೇರೆ ನಾಡಿನ ಜಾಣರು ಒಪ್ಪಿದ್ದನ್ನು ತಳ್ಳಿಬಿಡಬಾರದೆಂದು ಅವನ ಅಭಿಪ್ರಾಯ. ವೈದ್ಯನು ಮಾತ್ರ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಆದರೂ ಅವನು ಒಳ್ಳೆಯ ವೈದ್ಯನೇ ಎಂದು ಅಸದ್ ಬೇಗ ಬರೆದಿಟ್ಟಿದ್ದಾನೆ; ಸೋತ ಎದುರಾಳಿಗೆ ಇಷ್ಟು ಮರ್ಯಾದೆ ಕೊಡುವವರು ಇಂದಿನ ವಾದಗಳಲ್ಲಿ ಅಪರೂಪ.

ಅಕಬರನು ಅಭ್ಯಾಸ ಮಾಡಿಕೊಳ್ಳಲಿಲ್ಲ. ಆದರೆ ಸರದಾರರೆಲ್ಲ ಬೇಡಿ ತರಿಸಿಕೊಂಡರು; ವರ್ತಕರು ಮಾರತೊಡಗಿದರು; ಚಟ ಹಬ್ಬಿತು. 1617ರಲ್ಲಿ ಜಹಾಂಗೀರನು ತಂಬಾಕನ್ನು ನಿಷೇಧಿಸಿದ. ಇರಾಣದ ಶಹಾ ಅಬ್ಬಾಸನೂ ನಿಷೇಧಿಸಿದ್ದ. ಆದರೆ ಜಹಾಂಗೀರನ ರಾಯಭಾರಿ ಖಾನ್ ಆಲಮನೇ ಅಲ್ಲಿಗೆ ಹೋಗಿ ತಂಬಾಕಿಲ್ಲದೆ ಇರಲಾರದೆ ವಿಶೇಷ ಅಪ್ಪಣೆ ಪಡೆಯಬೇಕಾಯಿತು! ನಿಷೇಧದ ಮಾತು ಬಂದಾಗ ನನಗೆ ನೆನಪಾಗುವವನು ಆ ಮದುಮಗ ದಾನಿಯಾಲ. ಅವನಿಗೆ ಮದ್ಯವನ್ನು ಕಟ್ಟುನಿಟ್ಟಾಗಿ ತಡೆದಾಗ ಸೇವಕರು ತುಪಾಕಿಯ ನಳಿಗೆಯಲ್ಲಿ ತುಂಬಿ ತಂದುಕೊಟ್ಟರು. ಮದುವೆಯ ಮರುವರ್ಷ, 1605ರಲ್ಲಿ, ಅವನು ಸತ್ತ. ನಮ್ಮ ಸರಕಾರವೂ 2024ರಲ್ಲಿ ರಾಜ್ಯದಲ್ಲಿ ಹುಕ್ಕಾವನ್ನು ನಿಷೇಧಿಸಿದೆ.

ಹುಕ್ಕಾ ಎಂದಾಗ ಒಂದು ಮಾತು. ಅಕಬರನ ಹಕೀಮ ಅಬುಲ್ ಫತಹ್ ಗಿಲಾನಿಯೇ ಹೊಗೆಯನ್ನು ನೀರಿನಲ್ಲಿ ಹಾಯಿಸುವ ಯುಕ್ತಿ ಕಂಡುಹಿಡಿದನೆಂಬ ಕತೆ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿದೆ. ಗಿಲಾನಿ ತೀರಿಕೊಂಡದ್ದು 1589ರಲ್ಲಿ. ಬಾದಶಹನು ತಂಬಾಕಿನ ಮುಖ ಕಂಡದ್ದು ಹದಿನೈದು ವರ್ಷಗಳ ತರುವಾಯ. ಈ ಕತೆಯನ್ನು ನಾನು ನಂಬಲಾರೆ.

ಕನ್ನಡದ ಮೇಷ್ಟ್ರಾದ ನನಗೆ ಹೆಸರಿನ ಸಂಗತಿಯನ್ನು ಬಿಡಲಾಗದು. ಮೈಸೂರ ಕಡೆಯವರು ಹೊಗೆಸೊಪ್ಪು ಎನ್ನುತ್ತಾರೆ. ತಮಿಳರ ಪುಗೈಯಿಲೈ, ತೆಲುಗರ ಪೊಗಾಕು ಎರಡೂ ಇದೇ ಎರಕದವು. ಕಂಡ ಹೊಸ ವಸ್ತುವಿಗೆ ಅದರ ಗುಣ ನೋಡಿ ಮನೆಯ ಹೆಸರಿಟ್ಟರು. ನಾವು ಧಾರವಾಡದ ಕಡೆಯವರು ಪೋರ್ತುಗೀಜರ ತಬಾಕೋವನ್ನೇ ಮರಾಠಿಗರಂತೆ ತಂಬಾಕು ಮಾಡಿಕೊಂಡೆವು. ಪಂಡಿತರು ಕೆಲವರು ತಮಾಲಪತ್ರವೆಂದು ಸಂಸ್ಕೃತದ ಅಂಗಿ ತೊಡಿಸಿದರು. ತಾಂಬೂಲದಿಂದಲೇ ತಂಬಾಕು ಬಂತೆಂದು ವಾದಿಸಿದವರನ್ನೂ ಕೇಳಿದ್ದೇನೆ. ಅದು ಬರಿಯ ಕಿವಿಯ ಭ್ರಮೆ. ಪುಸ್ತಕದಲ್ಲಿಲ್ಲದ ವಸ್ತುವನ್ನು ಹೇಗಾದರೂ ಪುಸ್ತಕಕ್ಕೆ ಸೇರಿಸುವ ಹವ್ಯಾಸ ನಮಗೆ ಇದ್ದೇ ಇದೆ. ಬ್ಯಾಡಗಿ ಮೆಣಸಿನಕಾಯಿಯೂ ಅದೇ ಅಮೇರಿಕೆಯಿಂದ ಬಂದ ಕುಲದ್ದೆಂಬುದನ್ನು ರೊಟ್ಟಿಗೆ ರಂಜಕ ಹಚ್ಚಿಕೊಂಡು ಉಣ್ಣುವ ಯಾರಾದರೂ ಒಪ್ಪುತ್ತಾರೆಯೇ?

ಈ ಮೆಣಸಿನಕಾಯಿಯ ವಿಷಯದಲ್ಲಿ ಅಸದ್ ಬೇಗನ ವಾದ ಗೆದ್ದಿತು. ತಂಬಾಕಿನ ವಿಷಯದಲ್ಲಿ? ವೈದ್ಯನು ಕೊಟ್ಟ ಕಾರಣ ದುರ್ಬಲ, ತೀರ್ಮಾನ ಸರಿ. ಅಸದ್ ಬೇಗನ ತರ್ಕ ಸರಿ, ಅವನು ತಂದ ವಸ್ತು ಕೆಟ್ಟದ್ದು. ಪರೀಕ್ಷಿಸಿ ನೋಡಿರೆಂದು ಅವನು ಕೇಳಿದ ಪರೀಕ್ಷೆ ನಡೆಯುವುದಕ್ಕೆ ಮುನ್ನೂರ ನಲವತ್ತಾರು ವರ್ಷ ಹಿಡಿಯಿತು. 1950ರಲ್ಲಿ ಲಂಡನ್ನಿನ ರಿಚರ್ಡ್ ಡಾಲ್ ಮತ್ತು ಬ್ರ್ಯಾಡ್‌ಫೋರ್ಡ್ ಹಿಲ್ ಎಂಬವರು ಶ್ವಾಸಕೋಶದ ಅರ್ಬುದವಾದ 709 ರೋಗಿಗಳನ್ನೂ ಅಷ್ಟೇ ಮಂದಿ ಬೇರೆ ರೋಗಿಗಳನ್ನೂ ವಿಚಾರಿಸಿ, ಹೊಗೆಗೂ ಆ ರೋಗಕ್ಕೂ ನಂಟಿದೆಯೆಂದು ತೋರಿಸಿದರು. ಅಕಬರನ ಚಿಲುಮಿ ಹೊತ್ತಿದ 1604ರಲ್ಲಿಯೇ ಇಂಗ್ಲೆಂಡಿನ ಅರಸು ಜೇಮ್ಸನು ತಂಬಾಕನ್ನು ಬಯ್ದು ಒಂದು ಹೊತ್ತಗೆ ಬರೆದಿದ್ದ. ಅದರಲ್ಲಿ ಬೈಗುಳವಿತ್ತು, ಎಣಿಕೆಯಿರಲಿಲ್ಲ.

ಅಜ್ಜನಿಗೆ ಕೆಮ್ಮು ಬಲವಾದದ್ದು 2006ರ ಮಳೆಗಾಲದಲ್ಲಿ. ಹುಬ್ಬಳ್ಳಿಯ ದವಾಖಾನೆಯಲ್ಲಿ ಫೋಟೋ ತೆಗೆಸಿದಾಗ ವೈದ್ಯರು ನನ್ನನ್ನು ಹೊರಗೆ ಕರೆದು ಮಾತಾಡಿದರು. ಅಜ್ಜನಿಗೆ ಚಿಲುಮಿ ಬಿಡಬೇಕೆಂದಷ್ಟೇ ಹೇಳಿದೆವು. ಅವನು ಹೂಂ ಎಂದ. ಎರಡು ದಿನದ ಮೇಲೆ, “ತಮ್ಮಾ, ನನ್ನ ಚಂಚಿ ತಂದುಕೊಡೋ” ಎಂದ. ನಾನು ದುಮ್ಮವಾಡಕ್ಕೆ ಹೋಗಿ ತಂದೆ; ಆದರೆ ಹಾದಿಯಲ್ಲಿಯೇ ಅದರ ತಂಬಾಕನ್ನೆಲ್ಲ ಬಸ್ಸಿನ ಕಿಟಕಿಯಿಂದ ಚೆಲ್ಲಿಬಿಟ್ಟಿದ್ದೆ. ಅಜ್ಜ ಚಂಚಿ ಬಿಚ್ಚಿದ, ಬರಿದಾದ ಅರೆಯೊಳಗೆ ಬೆರಳು ಹಾಕಿ ನೋಡಿದ, ನನ್ನ ಕಡೆಗೆ ನೋಡಿದ. ಬಳಿಕ ಚಂಚಿಯನ್ನು ಸುತ್ತಿ ದಿಂಬಿನ ಕೆಳಗೆ ಇಟ್ಟುಕೊಂಡ. ಒಂದು ಮಾತೂ ಆಡಲಿಲ್ಲ. ದೀಪಾವಳಿಗೆ ಮೊದಲೇ ತೀರಿಕೊಂಡ. ಆ ಕೊನೆಯ ದಿನಗಳಲ್ಲಿ ಒಂದು ಚಿಟಿಕೆಯನ್ನಾದರೂ ಬಿಡಬಹುದಿತ್ತೇನೋ ಎಂದು ಅಜ್ಜಿ ಬದುಕಿರುವ ತನಕ ಅನ್ನುತ್ತಿದ್ದಳು. ಅದಕ್ಕೆ ನನ್ನಲ್ಲಿ ಈಗಲೂ ಉತ್ತರವಿಲ್ಲ.

ಪೈಪು ನನ್ನ ಮೇಜಿನ ಖಾನೆಯಲ್ಲಿದೆ. ಕಟ್ಟೆಯ ಮೇಲೆ ಅಜ್ಜ ತುಂಬಿಕೊಟ್ಟ ತಂಬಾಕು ಅರ್ಧ ಸುಟ್ಟು ಅದರಲ್ಲಿಯೇ ಉಳಿದಿದೆ. ನಾನು ಅದನ್ನು ಮತ್ತೆ ಹಚ್ಚಲಿಲ್ಲ, ತೊಳೆಯಲೂ ಇಲ್ಲ.